ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದೇಕೆ

ಲೋಕ ಇನ್ನೂ ಹೊಸದು, ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದ ಕಾಲ. ಆಗ ಎರೆ ಹೊಲದ ಕರಿ ಮಣ್ಣಿನಲ್ಲಿ ಒಂದೂ ಬಿರುಕು ಇರಲಿಲ್ಲ.

ಆ ಹೊಲದ ದಂಡೆಯಲ್ಲಿ ಬಾಳವ್ವ ಎಂಬ ಮುದುಕಿ ಮಗಳು ನೀಲವ್ವನ ಜೊತೆ ಇದ್ದಳು. ಲೋಕಕ್ಕೆ ಆಗ ಬಟ್ಟೆಯೇ ಗೊತ್ತಿರಲಿಲ್ಲ. ನೀಲವ್ವನ ಚೊಚ್ಚಲ ಕೂಸು ಹೊದಿಕೆ ಇಲ್ಲದೆ ಚಳಿಗೆ ತೀರಿಹೋಗಿತ್ತು.

ಅದನ್ನು ನೋಡಿದ ಗಾಳಿಗೆ ಕರುಳು ಚುರುಕ್ ಎಂದಿತು. ಎಲ್ಲಿಂದಲೋ ಒಂದು ಹಿಡಿ ಹತ್ತಿ ಬೀಜ ತಂದು ಬಾಳವ್ವನಿಗೆ ಕೊಟ್ಟಿತು.

"ಇದರ ಕಾಯಿ ಒಡದ್ರ ಬೆಚ್ಚನ ಅರಳೆ ಬರತೈತಿ, ಯವ್ವಾ. ನೂತು, ನೇದು, ಹೊದಿಸು."

ಬಾಳವ್ವ ಅರ್ಧ ಬೀಜ ಬಿತ್ತಿದಳು. ಭೂಮಿ ತಾಯಿ, ಅವಳಿಗೆ ನೋಯಬಾರದು ಎಂದು ಆ ಸೀಮೆಯ ಜನ ಬೆರಳುದ್ದ ಮಾತ್ರ ಕೆರೆದು ಬಿತ್ತುತ್ತಿದ್ದರು. ಪ್ರತಿವರ್ಷ ಅಷ್ಟೇ ಆಳ, ಅಷ್ಟೇ ಆಳ. ಅದರ ಕೆಳಗೆ ಮಣ್ಣು ದನಗಳ ತುಳಿತಕ್ಕೆ ಬಿಗಿದು ಹಾಸುಗಲ್ಲಿನಂತಾಗಿತ್ತು. ಭಕ್ತಿಯೇನೋ ದೊಡ್ಡದು, ಬುದ್ಧಿ ಮಾತ್ರ ಬೆರಳುದ್ದ!

ಗಿಡ ಮೊಣಕಾಲೆತ್ತರ ಬಂತು. ಮಳೆ ನಿಂತಿತು. ಎಳೆ ಕಾಯಿಗಳು ಉದುರಿದವು.

"ಯವ್ವಾ, ನೀರಡಿಕಿ," ಎಂದಿತು ಹತ್ತಿ ಗಿಡ. "ನೀರು ಕೆಳಗ ಐತಿ. ಆದ್ರ ಹಾದಿ ಇಲ್ಲ. ನನ್ನ ಬೇರು ಅಡ್ಡ ಹೊಳ್ಳಿಬಿಟ್ಟೈತಿ."

ಅಷ್ಟು ಹೇಳಿ ಅದು ಒಣಗಿಹೋಯಿತು.

ಬೇಸಿಗೆ ಬಂದಾಗ ನೀಲವ್ವ ಮತ್ತೆ ಬಸುರಿ. ಹೆರಿಗೆ ಚಳಿಗಾಲಕ್ಕೇ. ಉಳಿದದ್ದು ಅರ್ಧ ಹಿಡಿ ಬೀಜ. ಬಾಳವ್ವ ಹೊಲದಲ್ಲಿ ಬೋರಲು ಬಿದ್ದು, "ಹಾದಿ ಬಿಡು, ತಾಯಿ," ಎಂದು ಬೇಡಿದಳು.

"ನನ್ನ ಕೈಲೆ ಆಗುದಿಲ್ಲ, ಬಾಳವ್ವ," ಎಂದಿತು ಮಣ್ಣು. "ಮೈಯೆಲ್ಲಾ ಬಿಗದು ನನಗೂ ಉಸರು ಕಟ್ಟೈತಿ. ಆಳಕ ಸೀಳು. ಹಸಿ ಇದ್ದಾಗ ಬ್ಯಾಡ, ಮುದ್ದಿ ಆಗಿ ಮತ್ತ ಬಿಗಿತೀನಿ. ಈಗ, ಈ ಬಿಸಲಾಗ ಸೀಳು."

"ತಾಯಿ ಎದಿ ಸೀಳ್ಲೇನು?"

"ಮಗಳ ಕೂಸು ಉಳಿಬೇಕೋ, ಬ್ಯಾಡೋ?"

ಬಾಳವ್ವ ಜಾಲಿ ಕಟ್ಟಿಗೆಯ ದೊಡ್ಡ ನೇಗಿಲಿಗೆ ಎತ್ತು ಹೂಡಿದಳು. ಊರು ಅವಳನ್ನು ಪಾಪಿ ಎಂದಿತು. ಮೊಳದಾಳಕ್ಕೆ ಉತ್ತಳು. ಒಂದೊಂದು ಸಾಲಿಗೂ ಮಣ್ಣು ನರಳಿತು, ಒಂದೊಂದು ಸಾಲಿಗೂ ಬಾಳವ್ವ ಅತ್ತಳು. ಆದರೆ ನೇಗಿಲು ಎತ್ತಲಿಲ್ಲ.

ಮಳೆ ಬಂತು. ಬಾಳವ್ವ ಉಳಿದ ಬೀಜ ಬಿತ್ತಿದಳು. ನೀರು ಆಳಕ್ಕೆ ಇಳಿಯಿತು. ಅದರ ಹಿಂದೆಯೇ ಹತ್ತಿಯ ಬೇರು ನೆಟ್ಟಗೆ ಇಳಿಯಿತು. ಮಳೆ ನಿಂತರೂ ಗಿಡ ಬಾಡಲಿಲ್ಲ. ಚಳಿಗೆ ಮೊದಲೇ ಹೊಲದ ತುಂಬ ಬಿಳಿ ಅರಳೆ.

ನೀಲವ್ವನಿಗೆ ಹೆಣ್ಣುಕೂಸು ಹುಟ್ಟಿತು, ಬೆಚ್ಚಗೆ ಮಲಗಿತು, ಉಳಿಯಿತು. ಬಾಳವ್ವ ಕೂಸನ್ನು ತಾನೇ ನೂತು ನೇಯ್ದ ಬಟ್ಟೆಯಲ್ಲಿ ಸುತ್ತಿ ಹೊಲಕ್ಕೆ ತಂದಳು. ಸಂತೋಷ ಪಡಬೇಕೆಂದರೂ ಆಗಲಿಲ್ಲ, ಎದೆಯಲ್ಲಿ ಮಣ್ಣಿನ ಆ ನರಳಿಕೆಯೇ ತುಂಬಿತ್ತು.

"ನಿನಗ ಭಾಳ ನೋಯಿಸಿದೆ, ತಾಯಿ," ಎಂದು ಬಿಕ್ಕಿದಳು.

"ಅಳಬ್ಯಾಡ," ಎಂದಿತು ಮಣ್ಣು. "ಹೀಂಗ ಸೀಳುದು ಕೆಲವು ವರ್ಷಕ್ಕೊಮ್ಮೆ ಸಾಕು. ಉಳಿದ ಬ್ಯಾಸಗಿಗೆ ನನ್ನ ಎದಿ ನಾನ ಬಿರಿತೀನಿ. ನಿನ್ನ ಮೊಮ್ಮಗಳು ನಿನ್ನಂಗ ಅಳುದು ಬ್ಯಾಡ."

ಅದಕ್ಕೇ ನೋಡು, ಇವತ್ತಿಗೂ ಬೇಸಿಗೆಯಲ್ಲಿ ಎರೆ ಹೊಲ ತಾನಾಗಿ ಬಾಯಿ ಬಿಡುತ್ತದೆ; ನಿನ್ನ ಕೈ ಮೊಣಕೈತನಕ ಇಳಿಯುವ ಆ ಬಿರುಕು, ಅಳುತ್ತಿದ್ದ ಒಬ್ಬ ಮುದುಕಿಗೆ ಮಣ್ಣು ಕೊಟ್ಟ ಮಾತು.