ಕೊಕ್ಕರೆ ಪಂಡಿತನ ನೂರಕ್ಕೆ ನೂರು

ಕಾಡಿನ ದೊರೆ ಆನೆರಾಯ ಹಳ್ಳಕ್ಕೆ ಒಡ್ಡು ಕಟ್ಟಿಸಿದ. ಅದರಿಂದ ಪ್ರಜೆಗಳಿಗೆ ಸುಖವೆಷ್ಟು, ನಾಡಿಗೆ ಬೆಳವಣಿಗೆ ಎಷ್ಟು ಎಂದು ಸಂಶೋಧಿಸಿ ಬರಲು ಕೊಕ್ಕರೆ ಪಂಡಿತನನ್ನು ಕಳಿಸಿದ. ಪಂಡಿತ ಮೊದಲು ಆಮೆಯನ್ನು ಕೇಳಿದ. ಆಮೆ, "ಕೂತ್ಕೊಳ್ಳಿ ಸ್ವಾಮಿ, ನಮ್ಮಜ್ಜನ ಕಾಲದಿಂದ ಹೇಳ್ತೀನಿ" ಎಂದು ಶುರುಮಾಡಿ ಮಧ್ಯಾಹ್ನದ ಹೊತ್ತಿಗೆ ಅಜ್ಜನ ಮದುವೆಯವರೆಗೆ ಬಂದಿತ್ತು. ಕಪ್ಪೆ, ಅರ್ಧ ಸುಖ ಅರ್ಧ ದುಃಖ ಎಂದಿತು. ಅರ್ಧ ಬರೆಯಲು ಪಂಡಿತನ ಓಲೆಯಲ್ಲಿ ಜಾಗವಿರಲಿಲ್ಲ.

ರೋಸಿಹೋದ ಪಂಡಿತನಿಗೆ ಮರದಡಿ ಕೋಲೆ ಬಸವ ಸಿಕ್ಕಿದ. ಯಜಮಾನನ ವಾಲಗದ ಜೊತೆ ಮನೆಮನೆ ತಿರುಗಿ, ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಪಳಗಿದ ಎತ್ತು ಅದು.

"ಒಡ್ಡಿನಿಂದ ಸುಖವಾಯಿತೇ, ಬಸವಣ್ಣ?"

ಬಸವಣ್ಣ ತಲೆಯಾಡಿಸಿದ.

ಇಷ್ಟು ಚೊಕ್ಕವಾಗಿ ಉತ್ತರ ಕೊಡುವವನಿರುವಾಗ ಕಾಡೆಲ್ಲ ಯಾಕೆ ಅಲೆಯಬೇಕು? ಪಂಡಿತ ಅವನನ್ನೇ ನೂರು ಸಲ ಕೇಳಿ, ನೂರಕ್ಕೆ ನೂರು ಸುಖ ಎಂದು ವರದಿ ಒಪ್ಪಿಸಿದ.

ಆನೆರಾಯ ಹಿಗ್ಗಿ ಬಸವಣ್ಣನನ್ನೇ ಸಭೆಗೆ ಕರೆಸಿದ. "ಹಾಗಾದರೆ ಕೊಕ್ಕರೆಗಳು ಮೀನು ಹಿಡಿಯುವ ಹೊಂಡಕ್ಕೂ ಮಣ್ಣು ಸುರಿದು ರಸ್ತೆ ಮಾಡಿಸಲೇ?"

ಬಸವಣ್ಣ ತಲೆಯಾಡಿಸಿದ.

ಪಂಡಿತ ಮಡಚಿದ್ದ ಕಾಲನ್ನೂ ಕೆಳಗಿಟ್ಟು ಮುಂದೆ ಓಡಿಬಂದ. "ಮಹಾಪ್ರಭು, ಇವನು ಏನು ಕೇಳಿದರೂ ತಲೆಯಾಡಿಸುತ್ತಾನೆ. ಇವನನ್ನು ನಂಬಬಾರದು."

"ಹೌದೇನಯ್ಯ, ನೀನು ಸುಳ್ಳುಗಾರನೇ?"

ಬಸವಣ್ಣ ತಲೆಯಾಡಿಸಿದ.

ಆನೆರಾಯನ ಕಣ್ಣು ತುಂಬಿ ಬಂತು. "ತುಂಬಿದ ಸಭೆಯಲ್ಲಿ ತನ್ನ ತಪ್ಪು ಒಪ್ಪಿಕೊಂಡ. ಇಂಥ ಸತ್ಯವಂತ ನನ್ನ ರಾಜ್ಯದಲ್ಲಿ ಇನ್ನೊಬ್ಬನಿಲ್ಲ. ಸುರಿಯಿರಿ ಮಣ್ಣು."