ದೋಣಿಯ ಪಾಲು

"ಅವ್ವಾ, ಮಠದ ಕೆಲಸಗಳನ್ನೆಲ್ಲ ಏಳು ಮಂದಿಗೂ ತೂಗಿದ ಹಾಗೆ ಹಂಚಿದ್ದೇನೆ. ಒಬ್ಬರೂ ತಕರಾರು ಎತ್ತಿಲ್ಲ. ಇದಕ್ಕಿಂತ ಹೆಚ್ಚಿನ ನ್ಯಾಯ ಉಂಟೇ?" ಎಂದು ಶಿಷ್ಯ ಕೇಳಿದ. ಅವನ ಕೈಯಲ್ಲಿ ಪಟ್ಟಿ ಬರೆದ ಕಾಗದವಿತ್ತು.

ಅವನ ಗುರುವಾದ ಅವ್ವ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಕಾಗದವನ್ನು ಮುಟ್ಟಲಿಲ್ಲ. ಬೆರಳಿಗೆ ಒಂದೆಳೆ ನಾರು ಸುತ್ತುತ್ತ, "ಬಾ ಮಗನೇ, ಇಲ್ಲಿ ಕೂತುಕೋ. ಆ ಕಾಗದವನ್ನು ತೊಡೆಯ ಕೆಳಗಿಡು, ಗಾಳಿಗೆ ಹಾರೀತು. ಕಾಲು ಚಾಚಬೇಕೆಂದರೆ ಚಾಚು. ನಡುವೆ ಮಾತ್ರ ಏಳಬೇಡ" ಎಂದಳು. ಆಮೇಲೆ ಕತೆ ಹೇಳಿದಳು.

ಕಡಲಿನ ಮೇಲೆ ಒಂದು ದೋಣಿ. ಅದರಲ್ಲಿ ನಾಲ್ಕು ಜನ. ದೋಣಿಯ ಯಜಮಾನನನ್ನು ಆ ಕಡೆ ತಾಂಡೇಲ ಎನ್ನುತ್ತಾರೆ; ಈ ತಾಂಡೇಲನ ಹೆಸರು ಬುಧವಂತ. ಎಂಜಿನ್ ನೋಡಿಕೊಳ್ಳುವವನು ಇಸ್ಮಾಯಿಲ್. ಅಡುಗೆಗೆ ದಾಮು. ಬಲೆಗೆ ಸುಕ್ರು, ಅವನು ಬುಧವಂತನ ತಂಗಿಯ ಗಂಡ.

ಬುಧವಂತ ನ್ಯಾಯಕ್ಕೆ ಹೆಸರಾದವನು. ಮೀನು ಹಂಚುವಾಗ ಅವರಲ್ಲೊಂದು ಕ್ರಮವಿತ್ತು. ದಡದಲ್ಲಿ ಮೀನನ್ನು ಐದು ಗುಡ್ಡೆ ಮಾಡುವರು. ಒಬ್ಬ ಬೆನ್ನು ತಿರುಗಿಸಿ ನಿಲ್ಲುವನು. ಇನ್ನೊಬ್ಬ ಗುಡ್ಡೆ ಮುಟ್ಟಿ 'ಇದು ಯಾರದು?' ಎಂದರೆ ಅವನು ನೋಡದೆಯೇ ಹೆಸರು ಹೇಳಬೇಕು. ನಾಲ್ಕು ಗುಡ್ಡೆ ನಾಲ್ವರಿಗೆ. ಐದನೆಯದು ದೋಣಿಗೆ. ಬಲೆ ಹರಿದರೆ, ಹಲಗೆ ಕೊಳೆತರೆ ಆ ಪಾಲಿನಿಂದಲೇ ದುರಸ್ತಿ.

ದೋಣಿಯಲ್ಲಿ ಕರೆಂಟು ತಿನ್ನುವ ಸಾಮಾನು ಬಹಳ. ನಾಲ್ಕು ಮೊಬೈಲು, ಎರಡು ಟಾರ್ಚು, ದಾಮುವಿನ ಹಾಡು ಹೇಳುವ ಡಬ್ಬಿ. ಮತ್ತೆ ಬೇರೆ ದೋಣಿಯವರೊಡನೆ ಮಾತಾಡುವ ವೈರ್‌ಲೆಸ್. ಒಂದೊಂದಕ್ಕೆ ಒಂದೊಂದು ಚಾರ್ಜರು. ವೈರಿನ ಬಾಲವಿದ್ದವೆಲ್ಲ ಒಂದು ಬಕೆಟ್ಟಿನಲ್ಲಿ ಹಾವಿನ ಮರಿಗಳಂತೆ ಸುತ್ತಿಕೊಂಡು ಬಿದ್ದಿರುತ್ತಿದ್ದವು. ವೈರ್‌ಲೆಸ್ಸಿನದು ಮಾತ್ರ ಬೇರೆ. ಅದಕ್ಕೆ ಬಾಲವಿರಲಿಲ್ಲ, ಒಂದು ಗೂಡಿತ್ತು. ಆ ಗೂಡು ತಾಂಡೇಲನ ತಲೆಯ ಮೇಲೆ ಒಂದು ಮೊಳೆಗೆ ತೂಗುತ್ತಿತ್ತು. ಮಾತು ಮುಗಿದರೆ ವೈರ್‌ಲೆಸ್ಸನ್ನು ಅದರಲ್ಲಿ ಕೂರಿಸುವರು. ಅದು ತನ್ನಷ್ಟಕ್ಕೆ ತುಂಬಿಕೊಳ್ಳುತ್ತಿತ್ತು. ಯಾರೂ ಅದನ್ನು ನೆನೆಯುವ ಅಗತ್ಯ ಬಿದ್ದಿರಲಿಲ್ಲ.

ಒಮ್ಮೆ ಬಂದರಿನ ಅಂಗಡಿಯವನು ಹೊಸ ಚಾರ್ಜರು ತೋರಿಸಿದ. "ಇದೊಂದಿದ್ದರೆ ಸಾಕು ತಾಂಡೇಲರೇ. ಮೊಬೈಲಿಗೂ ಇದೇ, ಟಾರ್ಚಿಗೂ ಇದೇ, ವೈರ್‌ಲೆಸ್ಸಿಗೂ ಇದೇ." ನೋಡಿದರೆ ನಿಜ. ಬುಧವಂತನಿಗೆ ಎದೆ ಹಗುರಾಯಿತು. ಬಕೆಟ್ಟನ್ನು ಮನೆಯಲ್ಲಿಟ್ಟ. ಗೂಡನ್ನೂ ಇಳಿಸಿ ಅದರೊಳಗೆ ಹಾಕಿದ.

ಒಂದೇ ಚಾರ್ಜರು, ನಾಲ್ಕು ಜನ. ಮೊದಲ ದಿನವೇ ಜಗಳ.

"ಹೆಂಡತಿಯ ಫೋಟೋ ನೋಡಿ ನೋಡಿ ಕರೆಂಟು ಮುಗಿಸ್ತೀಯಲ್ಲ ಮಾರಾಯ, ಅವಳೇನು ಫೋಟೋದಿಂದ ಇಳಿದು ಬರ್ತಾಳಾ?" ಎಂದ ದಾಮು.

"ನಿನ್ನ ಹಾಡಿಗೆ ಮೀನೇ ಓಡಿಹೋಗ್ತದೆ. ಅದಕ್ಕಿಂತ ಇದು ವಾಸಿ" ಎಂದ ಇಸ್ಮಾಯಿಲ್.

ಬುಧವಂತ ಇಬ್ಬರನ್ನೂ ಸುಮ್ಮನಾಗಿಸಿದ. ಮೀನಿನ ಕ್ರಮವನ್ನೇ ಹಿಡಿದ. ಸುಕ್ರು ಬೆನ್ನು ತಿರುಗಿಸಿ ನಿಂತು ಹೆಸರು ಹೇಳಿದ. ದೋಣಿಗೆ ಬಳಿದು ಮಿಕ್ಕಿದ ಬಣ್ಣದಲ್ಲಿ ಬುಧವಂತ ಆ ಸರದಿಯನ್ನು ಹಲಗೆಯ ಮೇಲೆ ಬರೆದ. ಗೂಡು ಇಳಿಸಿದ ಮೇಲೆ ಮೊಳೆ ಖಾಲಿ ಇತ್ತಲ್ಲ, ಹಲಗೆಯನ್ನು ಅದಕ್ಕೇ ತೂಗುಹಾಕಿದ. ಜಗಳ ನಿಂತಿತು. ಎರಡು ದಿನ ಒಬ್ಬನೂ ಸೊಲ್ಲೆತ್ತಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಗಾಳಿ ದಿಕ್ಕು ಬದಲಿಸಿತು. ಬಲೆ ಹಿಂದಕ್ಕೆ ತೇಲಿ ದೋಣಿಯಡಿಯ ಫ್ಯಾನಿಗೆ ಸುತ್ತಿಕೊಂಡಿತು. ಎಂಜಿನ್ ನಿಂತಿತು. ಮುಂದೆ ಆಮೆಕಲ್ಲು. ನೀರಿನಿಂದ ಬೆನ್ನು ಮಾತ್ರ ಎತ್ತಿಕೊಂಡಿರುವ ಬಂಡೆ ಅದು. ಗಾಳಿ ದೋಣಿಯನ್ನು ಅದರತ್ತಲೇ ತಳ್ಳುತ್ತಿತ್ತು. ಲಂಗರು ಬಿಟ್ಟರು. ಅದು ತಳದ ಕಲ್ಲು ಹಿಡಿಯದೆ ಜಾರಿತು.

ಪಡುವಲಲ್ಲಿ ಇನ್ನೊಂದು ದೋಣಿ ಬಿಳಿಯ ಚುಕ್ಕೆಯಾಗಿ ಕಾಣುತ್ತಿತ್ತು. ದೂರ ಹೋಗುತ್ತಿತ್ತು. ಬುಧವಂತ ವೈರ್‌ಲೆಸ್ಸನ್ನು ಕೈಗೆತ್ತಿಕೊಂಡು ಗುಂಡಿ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಸತ್ತುಹೋಗಿತ್ತು.

ಮೊಬೈಲುಗಳೆಲ್ಲ ತುಂಬಿದ್ದವು. ಅಷ್ಟು ದೂರಕ್ಕೆ ಟವರು ಸಿಗುವುದಿಲ್ಲ.

ಬುಧವಂತ ಚಾರ್ಜರಿನತ್ತ ಹಾರಿದ. ಅದರಲ್ಲಿ ಹಾಡಿನ ಡಬ್ಬಿ ಇತ್ತು. ಕಿತ್ತೆಸೆದು, ದೋಣಿಯ ಬ್ಯಾಟರಿಯಿಂದ ತುಂಬಲೆಂದು ವೈರ್‌ಲೆಸ್ಸನ್ನು ಹಚ್ಚಿದ. "ಈಗ ನನ್ನ ಸರದಿ..." ಎಂದು ದಾಮುವಿನ ಬಾಯಿಂದ ಅಭ್ಯಾಸಕ್ಕೆ ಬಂದುಬಿಟ್ಟಿತು. ಮರುಗಳಿಗೆಗೆ ಅವನೇ ಬಾಯಿ ಮುಚ್ಚಿಕೊಂಡ.

ಸುಕ್ರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬಲೆ ಕೊಯ್ಯಲು ಕತ್ತಿ ಕಚ್ಚಿ ನೀರಿಗಿಳಿದ. ಹಗ್ಗದ ಈ ತುದಿ ಇಸ್ಮಾಯಿಲನ ಕೈಯಲ್ಲಿ. ಎರಡು ಸಲ ಮೇಲೆ ಬಂದು ಉಸಿರು ತೆಗೆದುಕೊಂಡ. ಮೂರನೆಯ ಸಲ ಅಲೆ ದೋಣಿಯ ಹಿಂಬದಿಯನ್ನು ಎತ್ತಿ ಅವನ ಮೇಲೇ ಕುಕ್ಕಿತು. ಇಸ್ಮಾಯಿಲ್ ಎಳೆದು ತಂದಾಗ ಸುಕ್ರುವಿನ ಕಾಲು ಮೊಣಕಾಲಿನ ಕೆಳಗೆ ಬೇರೆ ಕಡೆಗೆ ತಿರುಗಿತ್ತು. ರಕ್ತ ನಿಲ್ಲಲಿಲ್ಲ.

"ಭಾವ, ಯಾರಾದ್ರೂ ಬರ್ತಾರಾ?" ಎಂದು ಸುಕ್ರು ಕೇಳಿದ.

ಬುಧವಂತ ಚಾರ್ಜರಿನತ್ತ ತಿರುಗಿದ. ವೈರ್‌ಲೆಸ್ಸಿನ ಕೆಂಪು ದೀಪ ಆಗಷ್ಟೇ ಹತ್ತಿತ್ತು. ಕೇಳಿಸಿಕೊಳ್ಳಲು ಅಷ್ಟು ಚಾರ್ಜು ಸಾಕು, ಮಾತಾಡಲು ಸಾಲದು. ಈಗಲೇ ಗುಂಡಿ ಒತ್ತಿದರೆ ಅರ್ಧ ಮಾತಿಗೆ ಸಾಯುತ್ತದೆ. ಕಾದರೆ ಚುಕ್ಕೆ ಮರೆಯಾಗುತ್ತದೆ. ಚುಕ್ಕೆ ನೋಡಿದ, ಬಂಡೆ ನೋಡಿದ, ಸುಕ್ರುವಿನ ಮುಖ ನೋಡಿದ. ಎಲ್ಲಿಯೂ ಕಣ್ಣು ನಿಲ್ಲದೆ ಕೊನೆಗೆ ಮೊಳೆಗೆ ತೂಗುಹಾಕಿದ ಹಲಗೆಯ ಮೇಲೆ ನಿಂತಿತು. ಸುಕ್ರು, ದಾಮು, ಇಸ್ಮಾಯಿಲ್, ಬುಧವಂತ. ಮತ್ತೆ ಸುಕ್ರು, ದಾಮು, ಇಸ್ಮಾಯಿಲ್, ಬುಧವಂತ. ತನ್ನದೇ ಅಕ್ಷರ. ಒಂದೊಂದು ಹೆಸರೂ ನೆಟ್ಟಗೆ, ಸಮವಾಗಿ ಬರೆದಿತ್ತು. ಮೀನಿನಲ್ಲಿ ಒಂದು ದಿನವೂ ತಪ್ಪಿಸದ ಐದನೆಯ ಗುಡ್ಡೆಯನ್ನು ಇಲ್ಲಿ ಮಾಡಿಯೇ ಇರಲಿಲ್ಲ.

ಆಮೆಕಲ್ಲಿಗೆ ಬಡಿಯುವ ಅಲೆಯ ಹನಿ ಅವನ ಮುಖಕ್ಕೆ ಸಿಡಿಯಿತು. ಅವನು ಗುಂಡಿ ಒತ್ತಿದ. ಹೇಳಬೇಕಾದದ್ದು ಬೇಕಾದಷ್ಟಿತ್ತು.

"ಆಮೆಕಲ್ಲು. ನಾಲ್ಕು ಜನ" ಎಂದ.

ದೀಪ ಆರಿತು.

ಚುಕ್ಕೆ ಹೋಗುತ್ತಲೇ ಇತ್ತು. ದಾಮು ದೇವರ ಹೆಸರು ಹೇಳತೊಡಗಿದ. ಇಸ್ಮಾಯಿಲ್ ತನ್ನ ಅಂಗಿ ಹರಿದು ಸುಕ್ರುವಿನ ಕಾಲಿಗೆ ಬಿಗಿದ. ಬುಧವಂತ ಸತ್ತ ವೈರ್‌ಲೆಸ್ಸನ್ನು ಕಿವಿಯಿಂದ ತೆಗೆಯಲಿಲ್ಲ. ಬಹಳ ಹೊತ್ತಾದ ಮೇಲೆ, ಚುಕ್ಕೆ ಮೊದಲು ನಿಂತಿತು. ಆಮೇಲೆ ಅಗಲವಾಯಿತು. ಆ ದೋಣಿ ಇತ್ತ ತಿರುಗಿತ್ತು.

ನಾಲ್ವರನ್ನೂ ಎತ್ತಿಕೊಂಡರು. ಕೊನೆಯವನಾಗಿ ಬುಧವಂತ ದಾಟಿದ. ಅವನ ಕಾಲು ಆ ದೋಣಿಗೆ ತಾಗಿದಾಗ ಬೆನ್ನ ಹಿಂದೆ ತನ್ನ ದೋಣಿ ಕಲ್ಲಿಗೆ ಬಡಿದ ಸದ್ದು ಕೇಳಿಸಿತು. ಅವನು ತಿರುಗಿ ನೋಡಲಿಲ್ಲ.

ಆಮೇಲೆ ಅವರು ಏನಾದರು ಎಂದು ಕೇಳುತ್ತೀಯಾ? ಸುಕ್ರು ಬದುಕಿದ. ಕಾಲು ಕುಂಟಾಯಿತು. ಈಗ ದಡದಲ್ಲಿ ಕೂತು ಊರವರ ಬಲೆ ಹೆಣೆಯುತ್ತಾನೆ. ದಾಮು ಮತ್ತೆ ಕಡಲಿಗಿಳಿಯಲಿಲ್ಲ. ಬಂದರಿನ ಹೋಟೆಲಿನಲ್ಲಿ ಸಾರು ಮಾಡುತ್ತಾನೆ. ಸಾರು ಚೆನ್ನಾಗಿರುತ್ತದಂತೆ. ಇಸ್ಮಾಯಿಲನಿಗೆ ಬೇರೆ ದೋಣಿಯಲ್ಲಿ ಎಂಜಿನ್ ಕೆಲಸ ಸಿಕ್ಕಿತು. ಬುಧವಂತನನ್ನು ಮತ್ತೆ ಯಾರೂ ತಾಂಡೇಲನನ್ನಾಗಿ ಮಾಡಲಿಲ್ಲ. ತಮ್ಮನ್ನು ಕಾಪಾಡಿದ ದೋಣಿಯಲ್ಲೇ ಅವನು ಆಳಾಗಿ ಸೇರಿದ. ಹತ್ತುವ ಮುಂಚೆ ಪ್ರತಿ ಸಲವೂ "ವೈರ್‌ಲೆಸ್ ತುಂಬಿದೆಯಾ?" ಎಂದು ಕೇಳುತ್ತಾನೆ. "ಬಂದ ನೋಡಿ, ವೈರ್‌ಲೆಸ್ಸಿನ ಸೋದರಮಾವ" ಎಂದು ಹುಡುಗರು ನಗುತ್ತಾರೆ. ಅವನೂ ನಗುತ್ತಾನೆ. ಆದರೆ ನೋಡದೆ ಹತ್ತುವುದಿಲ್ಲ. ದೋಣಿಯಲ್ಲಿ ಒಡೆಯದೆ ದಡಕ್ಕೆ ಬಂದದ್ದು ಆ ಹಲಗೆಯೊಂದೇ. ಬಣ್ಣ ಹೋಗಿರಲಿಲ್ಲ. ನಾಲ್ಕು ಹೆಸರೂ ಓದಲು ಬರುತ್ತಿದ್ದವು.

ಅವ್ವ ಕತೆ ನಿಲ್ಲಿಸಿದಳು. ಶಿಷ್ಯ ಹೇಳಿದ: "ಹಾಗಾದರೆ ಅವರು ಹಳೆಯ ಬಕೆಟ್ಟನ್ನೇ ಇಟ್ಟುಕೊಳ್ಳಬೇಕಿತ್ತು, ಅವ್ವಾ. ಒಂದೇ ಚಾರ್ಜರಿಗೆ ಎಲ್ಲವನ್ನೂ ಒಪ್ಪಿಸಿದ್ದೇ ತಪ್ಪು."

"ಅದೇನು ಮಾಡೀತು ಪಾಪ! ಹಚ್ಚಿದವರಿಗೆಲ್ಲ ಇಲ್ಲವೆನ್ನದೆ ಕೊಟ್ಟಿತು" ಎಂದಳು ಅವ್ವ.

ಬೆರಳಿಗೆ ಸುತ್ತಿದ್ದ ನಾರಿನ ಎಳೆಯನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ಇದು ಬಾವಿಯ ಹಗ್ಗದಿಂದ ಇವತ್ತು ಬೆಳಿಗ್ಗೆ ಬಿಟ್ಟುಕೊಂಡದ್ದು ಮಗನೇ, ನಿನ್ನ ಪಟ್ಟಿಯಲ್ಲಿ ಹಗ್ಗ ನೋಡುವ ಸರದಿ ಯಾರದು?"