ಗೆರೆ ಎಳೆಯದ ಪುಟ

ಕೃಷ್ಣೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಆಶ್ರಮದ ಮೆಟ್ಟಿಲ ಮೇಲೆ ಶೇಷಗಿರಿ ದಪ್ಪ ಪುಸ್ತಕವೊಂದನ್ನು ಹಿಡಿದು ಕೂತಿದ್ದ.

ಮರುದಿನ ಅವನಿಗೆ ಸನ್ಯಾಸ. ಅದಕ್ಕೆ ಮೊದಲು ತನ್ನ ಹೆಸರಿಗೆ ತಾನೇ ಪಿಂಡ ಇಟ್ಟುಕೊಳ್ಳಬೇಕು, ಹಳೆಯ ಮನುಷ್ಯ ಸತ್ತ ಅಂತ. ಇಂಥ ಹೊತ್ತಲ್ಲಿ ಯಾರಾದರೂ ಉಪನಿಷತ್ತು ಓದುತ್ತಾರೆ. ಈ ಪುಣ್ಯಾತ್ಮ ಓದುತ್ತಿದ್ದದ್ದು ವೈಜ್ಞಾನಿಕ ಕಾದಂಬರಿ!

ಗುರು ಅಭಯಬೋಧರು ಸ್ನಾನ ಮುಗಿಸಿ ಬಂದರು.

"ಏನಯ್ಯಾ ಅದು?"

"ಕಾಲೇಜಿನಲ್ಲಿ ಓದಿದ್ದೆ ಗುರುಗಳೇ. ಆಗ ಕಬ್ಬಿಣದ ಕಡಲೆ. ಈಗ ಮತ್ತೆ ಹಿಡಿದಿದ್ದೇನೆ. ಸತ್ತವನೊಬ್ಬನ ನೆನಪುಗಳನ್ನೆಲ್ಲ ಯಂತ್ರದೊಳಗೆ ತುಂಬುತ್ತಾರೆ. ಅದು ಎದ್ದು 'ನಾನೇ ಅವನು' ಅನ್ನುತ್ತದೆ. ಹೌದೋ ಅಲ್ಲವೋ ಅಂತ ಕೋರ್ಟಿನಲ್ಲಿ ನಾನೂರು ಪುಟ ವಾದ."

"ತೀರ್ಪು?"

"ಇಲ್ಲ. ಅದೇ ಸಂಕಟ. ಓದುತ್ತಾ ಓದುತ್ತಾ ಜೋಂಪು ಹತ್ತುತ್ತದೆ. ಓದಿದ್ದು ಯಾವುದು, ಕನಸು ಯಾವುದು, ಒಂದೂ ತಿಳಿಯುವುದಿಲ್ಲ. ನಾಳೆ ಪಿಂಡ ಇಟ್ಟು ಏಳುವವನು ಯಾರು? ನಾನೇ ಆದರೆ ಪಿಂಡ ಸುಳ್ಳು. ನಾನಲ್ಲದಿದ್ದರೆ... ಹೆದರಿಕೆಯಾಗುತ್ತದೆ ಗುರುಗಳೇ."

ಗುರುಗಳು ಪುಸ್ತಕ ಇಸಕೊಂಡು ತಿರುವಿದರು. ವಾದಗಳ ಕೆಳಗೆಲ್ಲ ಪೆನ್ಸಿಲ್ ಗೆರೆ, ಹಳೆಯದರ ಮೇಲೆ ಹೊಸದು. ಒಂದು ಪುಟ ಮಾತ್ರ ಬೋಳು.

"ಇಲ್ಲೇಕೆ ಗೆರೆ ಇಲ್ಲ?"

"ಅಲ್ಲಿ ತತ್ವ ಏನೂ ಇಲ್ಲ. ಯಂತ್ರ ಅವನ ತಾಯಿಯ ಮನೆಗೆ ಹೋಗುತ್ತದೆ, ಅಷ್ಟೆ. ಎರಡು ಸಲವೂ ಹಾರಿಸಿಬಿಟ್ಟೆ."

"ಓದು."

ಶೇಷಗಿರಿ ಓದಿದ. ಬಾಗಿಲು ತೆಗೆದ ಮುದುಕಿ, ನೀನು ಯಾರು ಅಂತ ಕೇಳಲೇ ಇಲ್ಲ. ಲೋಹದ ಕೆನ್ನೆ ಸವರಿ, "ಒಂದು ಮಾತು ಹೇಳದೆ ಹೋದೆಯಲ್ಲೋ" ಅಂದಳು.

ಅವನು ಪುಸ್ತಕದಿಂದ ತಲೆ ಎತ್ತಿದ. ನೀರು, ಮಂಜು, ಮೆಟ್ಟಿಲು ಎಲ್ಲ ಒಂದೇ ಬಿಳುಪಾಗಿ ಕಂಡವು. ಆ ಬಾಗಿಲಲ್ಲಿ ತಾನೇ ನಿಂತಿದ್ದೇನೆ ಅನ್ನಿಸಿತು.

"ನಾಳೆಯ ವಿಷಯ ನಿನ್ನ ತಾಯಿಗೆ ಗೊತ್ತೇನಯ್ಯಾ?"

ಶೇಷಗಿರಿ ತಲೆ ತಗ್ಗಿಸಿದ. "ಹೇಳಿಲ್ಲ. ಸಂಸ್ಕೃತ ಕಲಿಯೋಕೆ ಬಂದಿದ್ದೀನಿ ಅಂದುಕೊಂಡಿದ್ದಾಳೆ. ಹೇಳಿದರೆ ಅಳ್ತಾಳೆ. ಅವಳು ಅತ್ತರೆ ನನ್ನ ಕೈಲಿ ತಡೆಯೋಕಾಗಲ್ಲ."

ಗುರುಗಳು ನದಿಯ ಕಡೆ ತಿರುಗಿ ಅಂಬಿಗನನ್ನು ಕೂಗಿದರು. "ಹರಿಗೋಲು ನಿಲ್ಲಿಸಪ್ಪಾ, ಇನ್ನೊಬ್ಬರು ಬರ್ತಾರೆ!"

"ಈಗಲೇ ಹೋಗೋದೇ? ಮುಹೂರ್ತ ತಪ್ಪುತ್ತದಲ್ಲ ಗುರುಗಳೇ!"

"ಸತ್ತವನ ಮನೆಗೆ ಸುದ್ದಿ ಮುಟ್ಟಿಸದೆ ಯಾರಾದರೂ ಪಿಂಡ ಇಡುತ್ತಾರೇನಯ್ಯಾ?"